ಬಾಣಂತಿಯನ್ನು ಕೇಳಲೇಬೇಕಾದ ಒಂದು ಮಾತು

ಕೇಳುಗರಿಗೆ ನಮಸ್ಕಾರ. ಆಶಾ ಕಾರ್ಯಕರ್ತೆಯರೇ, ನರ್ಸಮ್ಮಂದಿರೇ, ಇವತ್ತಿನ ಮಾತು ಮುಖ್ಯವಾಗಿ ನಿಮ್ಮ ಜೊತೆ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಆರು ಸಲ ಹೋಗಬೇಕು. 3, 7, 14, 21, 28, ಕೊನೆಗೆ 42ನೇ ದಿನ. ಮಗುವಿನ ತೂಕ ನೋಡುತ್ತಾರೆ, ಹಾಲು ಕುಡಿಯುತ್ತಿದೆಯಾ ಅಂತ ವಿಚಾರಿಸುತ್ತಾರೆ. ತಾಯಿಗೆ ಜ್ವರ ಇದೆಯಾ, ರಕ್ತ ಜಾಸ್ತಿ ಹೋಗುತ್ತಿದೆಯಾ ಅಂತಲೂ ಕೇಳುತ್ತಾರೆ. ಆದರೆ ‘ಕೆಮ್ಮಿದರೆ, ಸೀನಿದರೆ ಉಚ್ಚೆ ಸೋರುತ್ತೇನಮ್ಮಾ?’ ಅನ್ನುವ ಮಾತು ಎಷ್ಟೋ ಮನೆಗಳಲ್ಲಿ ಬರುವುದೇ ಇಲ್ಲ. ಬಾಣಂತಿ ತಾನಾಗಿ ಬಾಯಿ ಬಿಡುವುದಿಲ್ಲ. ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ ಅಲ್ವಾ? ‘ಹೆತ್ತ ಮೇಲೆ ಇದೆಲ್ಲ ಇದ್ದದ್ದೇ’ ಅಂತ ಹಿರಿಯರೂ ಅಂದುಬಿಡುತ್ತಾರೆ. ಹಾಗೆ ಸಹಿಸಿಕೊಂಡು ಇರಬೇಕಾಗಿಲ್ಲ.

ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಜೋಳಿಗೆಯ ಹಾಗೆ ಹೊತ್ತಿರುವ ಸ್ನಾಯುಗಳಿವೆ. ಬಸುರಿನ ಭಾರಕ್ಕೆ, ಹೆರಿಗೆಯ ಎಳೆತಕ್ಕೆ ಅವು ಸಡಿಲವಾಗುತ್ತವೆ. ಸಿಸೇರಿಯನ್ ಆದವರಿಗೂ ಬಸುರಿನ ಭಾರ ತಪ್ಪಿದ್ದಲ್ಲ. ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟಿದರೆ ಈ ಸ್ನಾಯುಗಳಿಗೆ ಬಲ ಬರುವುದಿಲ್ಲ, ವ್ಯಾಯಾಮವೇ ಬೇಕು.

ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಈ ವ್ಯಾಯಾಮದ ಬಗ್ಗೆ ಬರೆದರು. ‘ಕೆಗೆಲ್ ವ್ಯಾಯಾಮ’ ಅನ್ನುವ ಹೆಸರು ನಿಮ್ಮಲ್ಲಿ ಅನೇಕರಿಗೆ ಗೊತ್ತು. ತೊಡಕಿರುವುದು ಕಲಿಸುವುದರಲ್ಲಿ. ‘ಉಚ್ಚೆ ಹೊಯ್ಯುವಾಗ ನಡುವೆ ತಡೆದು ಅಭ್ಯಾಸ ಮಾಡು’ ಅಂತ ಹೇಳಿಬಿಡುತ್ತೇವೆ. ಅದು ಬೇಡ, ದಿನವೂ ಹಾಗೆ ಮಾಡಿದರೆ ಮೂತ್ರ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಬಾಣಂತಿಯನ್ನು ಮಂಡಿ ಮಡಚಿ ಮಲಗಿಸಿ. ಹೂಸು, ಉಚ್ಚೆ ಎರಡನ್ನೂ ಒಟ್ಟಿಗೆ ತಡೆಯುವ ಹಾಗೆ ಒಳಗೆ ಬಿಗಿದು ಮೇಲಕ್ಕೆ ಎಳೆದುಕೊಳ್ಳಲು ಹೇಳಿ. ತೊಡೆ, ಕುಂಡೆ ಬಿಗಿಯಬಾರದು. ಬಿಗಿಹಿಡಿದಾಗ ಬಾಯಿಬಿಟ್ಟು ಒಂದು, ಎರಡು ಅಂತ ಎಣಿಸಲಿ, ಆಗ ಉಸಿರು ಕಟ್ಟುವುದಿಲ್ಲ. ಎಷ್ಟೋ ಹೆಂಗಸರು ಹೆರಿಗೆಯಲ್ಲಿ ಮುಕ್ಕಿದ ಹಾಗೆ ಕೆಳಕ್ಕೆ ಒತ್ತುತ್ತಾರೆ. ಅದು ಪೂರ್ತಿ ಉಲ್ಟಾ. ಸುಮ್ನೆ ಬಾಯಲ್ಲಿ ಹೇಳಿ ಎದ್ದು ಬಂದರೆ ಈ ತಪ್ಪು ಗೊತ್ತೇ ಆಗುವುದಿಲ್ಲ. ‘ಒಳಗೆ ಮೇಲಕ್ಕೆ ಎಳೆದ ಹಾಗಾಯ್ತಾ, ಕೆಳಕ್ಕೆ ತಳ್ಳಿದ ಹಾಗಾಯ್ತಾ?’ ಅಂತ ಕೇಳಿ. ಮೊದಮೊದಲು ಎರಡು ಮೂರು ಸೆಕೆಂಡು ಹಿಡಿದರೂ ಸಾಕು, ಬರಬರುತ್ತಾ 10ರವರೆಗೆ ಹೋಗಲಿ. ಒಂದು ಸಲಕ್ಕೆ ಎಂಟು ಹತ್ತು ಬಾರಿ, ದಿನಕ್ಕೆ ಮೂರು ಹೊತ್ತು. ಮಗುವಿಗೆ ಹಾಲೂಡಿಸುತ್ತಾ ಕೂತಲ್ಲೇ ಮಾಡಬಹುದು.

ಕಡಿಮೆ ಅಂದರೂ ಮೂರು ತಿಂಗಳು ಮಾಡಬೇಕು. ಆಶಾ ಅವರ ಈ ಆರು ಭೇಟಿಗಳು 42ನೇ ದಿನಕ್ಕೆ ಮುಗಿಯುತ್ತವೆ. ಆದರೆ ಮಗುವನ್ನು 6, 10, 14ನೇ ವಾರ ಲಸಿಕೆಗೆ ಕರೆತಂದೇ ತರುತ್ತಾರೆ. ಆಗ ತಾಯಿಯನ್ನು ಸ್ವಲ್ಪ ಪಕ್ಕಕ್ಕೆ ಕರೆದು ಇದೇ ಮಾತು ಕೇಳಿ. 14ನೇ ವಾರದಲ್ಲೂ ಸೋರುತ್ತಿದ್ದರೆ ವೈದ್ಯರ ಹತ್ತಿರ ಕಳುಹಿಸಿ. ಕೆಳಗೆ ಗಡ್ಡೆ ಬಂದ ಹಾಗಿದೆ, ಏನೋ ಜಾರಿದ ಹಾಗಿದೆ ಅಂದರೆ ಅಲ್ಲಿಯವರೆಗೂ ಕಾಯಬೇಡಿ.