ಪಿಡಿಎಫ್ ಕಳುಹಿಸಿದರೆ ಮಾಹಿತಿ ಕಳುಹಿಸಿದಂತಲ್ಲ

ನಮಸ್ಕಾರ. ಒಂದು ರಕ್ತಪರೀಕ್ಷೆಯ ವರದಿಯಿಂದಲೇ ಶುರು ಮಾಡುತ್ತೇನೆ. ಪ್ಲೇಟ್‌ಲೆಟ್ ಎಂದು ಬರೆದಿದೆ, ಮುಂದೆ 1.2 ಎಂದಿದೆ. ತೀರ್ಥಹಳ್ಳಿಯ ಒಂದು ಪ್ರಯೋಗಾಲಯದಲ್ಲಿ ಅದು ಒಂದು ಲಕ್ಷದ ಇಪ್ಪತ್ತು ಸಾವಿರ. ಅದೇ ರಕ್ತವನ್ನು ಶಿವಮೊಗ್ಗದಲ್ಲಿ ಪರೀಕ್ಷಿಸಿದರೆ ಸಾವಿರದ ಲೆಕ್ಕದಲ್ಲಿ 120 ಎಂದು ಬರಬಹುದು, ಘಟ್ಟ ಇಳಿದು ಹೋದರೆ 1,20,000 ಎಂದು. ಮೂರೂ ಒಂದೇ. ವೈದ್ಯರಿಗೆ ಕಣ್ಣಾಡಿಸಿದ ಕೂಡಲೇ ತಿಳಿಯುತ್ತದೆ. ಕಂಪ್ಯೂಟರಿಗೆ ತಿಳಿಯುವುದಿಲ್ಲ. ಮೂರನ್ನೂ ಒಂದೇ ಗ್ರಾಫಿನಲ್ಲಿ ಹಾಕಿದರೆ ರೋಗಿಯ ಪ್ಲೇಟ್‌ಲೆಟ್ ಮೊದಲು ನೂರು ಪಟ್ಟು ಏರಿ, ಆಮೇಲೆ ಸಾವಿರ ಪಟ್ಟು ಜಿಗಿದಂತೆ ಕಾಣುತ್ತದೆ. ಸಿಗಂದೂರಿಗೆ ಹರಕೆ ಹೊತ್ತವರೂ ಇಂಥ ಪವಾಡ ಕಂಡಿರಲಾರರು.

ಆರೋಗ್ಯ ಮಾಹಿತಿಯ ವಿನಿಮಯಕ್ಕೆ ಯಾವ ಮಾನದಂಡ ಒಳ್ಳೆಯದು ಎಂಬ ಚರ್ಚೆ ನಡೆದಾಗಲೆಲ್ಲ ನನಗೆ ಈ 1.2 ನೆನಪಾಗುತ್ತದೆ. ಏಕೆಂದರೆ ನನ್ನ ಪ್ರಕಾರ ಆ ಚರ್ಚೆಯ ದೊಡ್ಡ ಭಾಗ ಮುಗಿದುಹೋಗಿದೆ. ಮುಗಿಯದೆ ಉಳಿದಿರುವುದು ಬೇರೆ.

ಮುಗಿದದ್ದು ಹೇಗೆ ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಆಸ್ಪತ್ರೆಗಳ ಕಂಪ್ಯೂಟರುಗಳು ಪರಸ್ಪರ ಮಾತನಾಡಲಿ ಎಂದು 1987ರಲ್ಲಿ ಅಮೆರಿಕದಲ್ಲಿ ಎಚ್‌ಎಲ್‌7 ಎಂಬ ಸಂಸ್ಥೆ ಹುಟ್ಟಿತು. ಅದು ರೂಪಿಸಿದ ಮಾನದಂಡದ ಎರಡನೇ ಆವೃತ್ತಿ ನೋಡಲು ಕುರೂಪಿ, ಸಾಲಿನ ತುಂಬ ಉದ್ದಗೀಟುಗಳು. ಆದರೂ ಇಂದಿಗೂ ಜಗತ್ತಿನ ಅಸಂಖ್ಯ ಆಸ್ಪತ್ರೆಗಳಲ್ಲಿ ಓಡುತ್ತಿದೆ. ಮೂರನೇ ಆವೃತ್ತಿಯಲ್ಲಿ ಎಲ್ಲವನ್ನೂ ಶಾಸ್ತ್ರೋಕ್ತವಾಗಿ ಮಾಡಲು ಹೊರಟರು. ಅದು ಎಷ್ಟು ಜಟಿಲವಾಯಿತೆಂದರೆ ಬಳಸುವವರೇ ಕಡಿಮೆಯಾದರು. ಆಗ, 2011ರಲ್ಲಿ, ಆಸ್ಟ್ರೇಲಿಯಾದ ಗ್ರಹಾಂ ಗ್ರೀವ್ ಸರಳವಾದ ಇನ್ನೊಂದು ದಾರಿ ಮುಂದಿಟ್ಟರು. ಅದೇ ಎಫ್‌ಎಚ್‌ಐಆರ್, ಉಚ್ಚಾರದಲ್ಲಿ ‘ಫೈರ್’. ರೋಗಿ, ಭೇಟಿ, ಪರೀಕ್ಷೆಯ ಫಲಿತಾಂಶ, ಔಷಧ ಹೀಗೆ ಒಂದೊಂದಕ್ಕೂ ಒಂದು ಚಿಕ್ಕ ನಮೂನೆ. ವೆಬ್‌ಸೈಟ್ ಕಟ್ಟಲು ಗೊತ್ತಿರುವ ಯಾವ ಹುಡುಗನೂ ಹುಡುಗಿಯೂ ಕಲಿಯಬಹುದಾದ ತಂತ್ರ. ನಮ್ಮಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ, ಮತ್ತೆ ಪರಿಷ್ಕರಿಸಿ 2016ರಲ್ಲಿ, ಮಾನದಂಡಗಳ ಉದ್ದನೆಯ ಪಟ್ಟಿಯನ್ನೇ ಹೊರಡಿಸಿತು. ಪಟ್ಟಿ ಕೊಡುವುದು ಆಯ್ಕೆ ಮಾಡಿದಂತಲ್ಲ, ಹಾಗಾಗಿ ಹೆಚ್ಚೇನೂ ಆಗಲಿಲ್ಲ. ಆರೋಗ್ಯ ದಾಖಲೆಗಳನ್ನು ಜೋಡಿಸಲು ಕೇಂದ್ರ ಸರ್ಕಾರ 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಮಾತ್ರ ಎಫ್‌ಎಚ್‌ಐಆರ್‌ನ ನಾಲ್ಕನೇ ಆವೃತ್ತಿಯನ್ನು ಹಿಡಿದು ನಿಂತಿತು. ಸರಿಯಾದ ನಿರ್ಧಾರ. ಇನ್ನೂ ಉತ್ತಮವಾದದ್ದಕ್ಕೆ ಕಾಯೋಣ ಎನ್ನುವವರ ಜೊತೆ ನನಗೆ ಜಗಳವಾಡುವ ತಾಳ್ಮೆ ಇಲ್ಲ.

ಆದರೆ ಎಫ್‌ಎಚ್‌ಐಆರ್ ಕೊಡುವುದು ಚೀಲವನ್ನು ಮಾತ್ರ. ಶಿವಮೊಗ್ಗದ ಎಪಿಎಂಸಿಯಲ್ಲಿ ಅಡಿಕೆ ಚೀಲ ಇಳಿಸಿದರೆ ವ್ಯಾಪಾರ ಮುಗಿಯುವುದಿಲ್ಲ. ಒಳಗಿರುವುದು ರಾಶಿಯೋ, ಬೆಟ್ಟೆಯೋ, ಸರಕೋ, ಗೊರಬಲೋ ಎಂಬುದು ಕೊಡುವವನಿಗೂ ಕೊಳ್ಳುವವನಿಗೂ ಒಂದೇ ಅರ್ಥದಲ್ಲಿ ಗೊತ್ತಿರಬೇಕು. ಪ್ರಯೋಗಾಲಯದ ಪರೀಕ್ಷೆಗಳಿಗೆ ಆ ಕೆಲಸ ಮಾಡುವುದು ಲಾಯಿಂಕ್ ಎಂಬ ಸಂಕೇತಪಟ್ಟಿ. ಯಂತ್ರದಲ್ಲಿ ಎಣಿಸಿದ ಪ್ಲೇಟ್‌ಲೆಟ್‌ಗೆ ಅದರಲ್ಲಿ 777-3 ಎಂಬ ಸಂಖ್ಯೆ ಇದೆ. ರೋಗಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಇದೆ. ವೈದ್ಯಕೀಯ ಪರಿಭಾಷೆಗೆ ಸ್ನೋಮೆಡ್ ಇದೆ. ಭಾರತ ಅದರ ಸದಸ್ಯ ರಾಷ್ಟ್ರವಾದ್ದರಿಂದ ಇಲ್ಲಿ ಬಳಸುವವರು ಶುಲ್ಕ ಕೊಡಬೇಕಿಲ್ಲ. ಅಂದರೆ ದುಡ್ಡಿಲ್ಲ ಎಂಬ ನೆಪಕ್ಕೂ ಜಾಗವಿಲ್ಲ.

ಇದೆಲ್ಲ ಬೆಂಗಳೂರಿನವರ ತಲೆನೋವು, ನಮಗೇಕೆ ಎಂದು ಕೇಳುವವರು ಮಂಗನ ಕಾಯಿಲೆಯನ್ನು ನೆನಪಿಸಿಕೊಳ್ಳಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ. ಐಸಿಡಿಯ ಹತ್ತನೇ ಆವೃತ್ತಿಯಲ್ಲಿ ನಮ್ಮ ಆ ಕಾಡಿನ ಹೆಸರಿಗೇ ಒಂದು ಸಂಕೇತವಿದೆ: ಎ98.2. ಉಣುಗು ಕಚ್ಚಿ ಜ್ವರ ಬಂದವರ ರಕ್ತವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಜ್ವರದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆ ವೈರಸ್ಸನ್ನೇ ಹಿಡಿಯುತ್ತದೆ. ದಿನ ಕಳೆದಂತೆ ರಕ್ತದಲ್ಲಿ ವೈರಸ್ ಇಳಿಯುತ್ತದೆ. ಆಗ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಐಜಿಎಂ ಪ್ರತಿಕಾಯ ಇದೆಯೇ ಎಂದು ನೋಡಬೇಕು. ಹಾಗಾದರೆ ‘ಪಿಸಿಆರ್ ನೆಗೆಟಿವ್’ ಎಂಬ ಫಲಿತಾಂಶಕ್ಕೆ ಬೆಲೆ ಬರುವುದು ಜ್ವರ ಶುರುವಾದ ದಿನ ಮತ್ತು ರಕ್ತ ತೆಗೆದ ದಿನ ಎರಡೂ ಜೊತೆಗಿದ್ದಾಗ ಮಾತ್ರ. ಅವಿಲ್ಲದ ನೆಗೆಟಿವ್ ವರದಿ ರೋಗವಿಲ್ಲ ಎನ್ನುತ್ತಿದೆಯೋ, ತಡವಾಗಿ ಬಂದಿರಿ ಎನ್ನುತ್ತಿದೆಯೋ ಯಾರಿಗೂ ಗೊತ್ತಾಗುವುದಿಲ್ಲ. ಇನ್ನೂ ಒಂದು ತೊಡಕಿದೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮರುಕಳಿಸುತ್ತದೆ, ಈ ಸಲ ತಲೆನೋವು, ನಡುಕ, ಗೊಂದಲದೊಂದಿಗೆ. ಅಷ್ಟರಲ್ಲಿ ಆ ರೋಗಿ ಬೇರೊಂದು ಜಿಲ್ಲೆಯ ಬೇರೊಂದು ಆಸ್ಪತ್ರೆಯ ಮಂಚದ ಮೇಲಿರಬಹುದು. ಮೊದಲ ಜ್ವರ ಎಂದು ಬಂತು ಎಂದು ಅಲ್ಲಿ ಯಾರನ್ನು ಕೇಳುವುದು? ಆ ಸ್ಥಿತಿಯಲ್ಲಿರುವ ರೋಗಿಯನ್ನೇ?

ಈ ಎರಡು ದಿನಾಂಕಗಳಿಗೆ ಎಫ್‌ಎಚ್‌ಐಆರ್‌ನಲ್ಲಿ ಜಾಗವಿದೆ. ತುಂಬಲೇಬೇಕು ಎಂಬ ಕಡ್ಡಾಯ ಮಾತ್ರ ಇಲ್ಲ. ಉಳಿದಿದೆ ಎಂದು ನಾನು ಹೇಳಿದ ಕೆಲಸ ಇದೇ.

ಈಗ ನಡೆಯುತ್ತಿರುವುದನ್ನು ನೋಡಿ. ಮಿಷನ್ನಿನ ನಮೂನೆಗಳಲ್ಲಿ ಸ್ಕ್ಯಾನ್ ಮಾಡಿದ ಕಾಗದವನ್ನು ಹಾಗೆಯೇ ಇಡಲು ಅವಕಾಶವಿದೆ. ಹಳೆಯ ಕಡತಗಳಿಗೆ ಅದು ಬೇಕೇ ಬೇಕು, ತಕರಾರಿಲ್ಲ. ಆದರೆ ಇವತ್ತು ಯಂತ್ರದಿಂದ ಅಂಕಿಯಾಗಿಯೇ ಹೊರಬಂದ ಫಲಿತಾಂಶವನ್ನು ಮುದ್ರಿಸಿ, ಪಿಡಿಎಫ್ ಮಾಡಿ, ಎಫ್‌ಎಚ್‌ಐಆರ್ ಚೀಲದಲ್ಲಿ ಹಾಕಿ, ನಾವೂ ಮಾನದಂಡ ಪಾಲಿಸಿದೆವು ಎಂದು ಹೇಳಿಕೊಳ್ಳುವ ಸಾಫ್ಟ್‌ವೇರ್ ಕಂಪನಿಗಳ ಬಗ್ಗೆ ನನಗೆ ಸಿಟ್ಟಿದೆ. ನಿಯಮದ ಪ್ರಕಾರ ತಪ್ಪಿಲ್ಲ. ಮಾಹಿತಿಯೂ ಇಲ್ಲ.

ಮಾಹಿತಿ ಮಾಹಿತಿಯಾಗಿಯೇ ಊರು ದಾಟುವುದು ಆಗದ ಮಾತೇನಲ್ಲ. ಶಿವಮೊಗ್ಗದಲ್ಲಿ ತೆಗೆದ ಸಿಟಿ ಸ್ಕ್ಯಾನ್ ಸಿಡಿಯನ್ನು ದೇಶದ ಯಾವ ದೊಡ್ಡ ಆಸ್ಪತ್ರೆಗೆ ಒಯ್ದರೂ ಅಲ್ಲಿ ತೆರೆದುಕೊಳ್ಳುತ್ತದೆ. ಯಂತ್ರ ಯಾವ ಕಂಪನಿಯದೆಂದು ಯಾರೂ ಕೇಳುವುದಿಲ್ಲ. ಅದು ಡೈಕಾಮ್ ಎಂಬ ಮಾನದಂಡದ ಫಲ. ಅದರ ಕೆಲಸ 1980ರ ದಶಕದಲ್ಲೇ ಶುರುವಾಗಿತ್ತು, ಈ ಹೆಸರು ಬಂದದ್ದು 1993ರಲ್ಲಿ. ಡೈಕಾಮ್ ಇಲ್ಲದ ಯಂತ್ರವನ್ನು ಇಂದು ಯಾವ ಆಸ್ಪತ್ರೆಯೂ ಕೊಳ್ಳುವುದಿಲ್ಲ, ಹಾಗಾಗಿ ಯಾವ ಕಂಪನಿಯೂ ಮಾರುವುದಿಲ್ಲ. ಮೆದುಳಿನ ಚಿತ್ರ ಇಷ್ಟು ಸಲೀಸಾಗಿ ಊರು ದಾಟುವಾಗ ಪ್ಲೇಟ್‌ಲೆಟ್‌ನ ಒಂದು ಅಂಕಿ ದಾಟುವುದಿಲ್ಲ ಎಂದರೆ ಕೊರತೆ ತಂತ್ರಜ್ಞಾನದ್ದಲ್ಲ, ಕೊಳ್ಳುವವರ ಹಟದ್ದು.

ಹೆಚ್ಚು ಕಲಂ ಸೇರಿಸಿದರೆ ಬರೆಯುವವರು ಯಾರು ಎಂಬ ಆಕ್ಷೇಪ ನ್ಯಾಯವಾದದ್ದು. ಕ್ಷಯಕ್ಕೆ ನಿಕ್ಷಯ್, ರೋಗ ಕಣ್ಗಾವಲಿಗೆ ಐಎಚ್‌ಐಪಿ, ತಾಯಿ ಮಕ್ಕಳಿಗೆ ಇನ್ನೊಂದು ಪೋರ್ಟಲ್. ಆರೋಗ್ಯ ಕಾರ್ಯಕರ್ತೆಯರು ಅದೇ ಹೆಸರು, ಅದೇ ವಯಸ್ಸನ್ನು ಮತ್ತೆ ಮತ್ತೆ ತುಂಬುತ್ತಾರೆ, ಅದೂ ಮಳೆಗಾಲದಲ್ಲಿ ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತಿ. ಆದ್ದರಿಂದ ನಾನು ಕೇಳುತ್ತಿರುವುದು ನೂರು ಕಲಂ ಅಲ್ಲ. ರೋಗಿಯ ಗುರುತು, ಪರೀಕ್ಷೆಯ ಸಂಕೇತ, ಅಳತೆಯ ಘಟಕದೊಂದಿಗೆ ಅಂಕಿ, ಜ್ವರ ಶುರುವಾದ ದಿನ, ಮಾದರಿ ತೆಗೆದ ದಿನ. ಇಷ್ಟೇ. ಇವುಗಳಲ್ಲಿ ಸಂಕೇತ, ಅಂಕಿ, ಘಟಕ ಮೂರನ್ನೂ ಯಂತ್ರವೂ ಸಾಫ್ಟ್‌ವೇರೂ ಸೇರಿ ತಾವೇ ತುಂಬಬಲ್ಲವು. ಮನುಷ್ಯರು ಕೇಳಿ ಬರೆಯಬೇಕಾದದ್ದು ಬಹುಪಾಲು ದಿನಾಂಕ ಮಾತ್ರ, ಅದೂ ಒಂದೇ ಸಲ; ನೆಟ್‌ವರ್ಕ್ ಇಲ್ಲದಿದ್ದರೆ ಮೊಬೈಲಿನಲ್ಲೇ ಉಳಿದು, ಸಿಕ್ಕಾಗ ತಾನೇ ಹೋಗುವಂತಿರಬೇಕು. ರೋಗಿಯ ಒಪ್ಪಿಗೆ ಇಲ್ಲದೆ ದಾಖಲೆ ಇನ್ನೊಂದು ಆಸ್ಪತ್ರೆಗೆ ಹೋಗಬಾರದು ಎಂಬ ಏರ್ಪಾಡು ಮಿಷನ್ನಿನಲ್ಲಿ ಮೊದಲೇ ಇದೆ, ಅದನ್ನು ಸಡಿಲಿಸುವುದು ಬೇಡ.

ಮಲೆನಾಡಿನ ಯಾವ ಆಸ್ಪತ್ರೆಯೇ ಆಗಲಿ, ಸರ್ಕಾರದ್ದೋ ಖಾಸಗಿಯದ್ದೋ, ಪ್ರಯೋಗಾಲಯದ ಸಾಫ್ಟ್‌ವೇರಿಗೆ ಮುಂದಿನ ಸಲ ಟೆಂಡರ್ ಕರೆಯುವಾಗ ಈ ಐದನ್ನೂ ಷರತ್ತಾಗಿ ಬರೆಯಲಿ. ಪಿಡಿಎಫ್ ಲೆಕ್ಕಕ್ಕಿಲ್ಲ ಎಂದು ಪ್ರತ್ಯೇಕ ಸಾಲಿನಲ್ಲಿ ಬರೆಯಲಿ. ಬಿಲ್ ಪಾಸು ಮಾಡುವ ಮುನ್ನ ತಮ್ಮಲ್ಲಿಯ ಒಂದು ಫಲಿತಾಂಶವನ್ನು ಇನ್ನೊಂದು ಆಸ್ಪತ್ರೆಯ ಸಾಫ್ಟ್‌ವೇರಿಗೆ ಕಳುಹಿಸಿ, ಅದು ಅಲ್ಲಿ ಗ್ರಾಫಿನಲ್ಲಿ ಸರಿಯಾದ ಜಾಗದಲ್ಲಿ ಕುಳಿತಿತೇ ಎಂದು ನೋಡಲಿ. ಮುಂದಿನ ಆವೃತ್ತಿಯಲ್ಲಿ ಕೊಡುತ್ತೇವೆ ಸಾರ್ ಎನ್ನುವ ಕಂಪನಿ ಖಂಡಿತ ಬರುತ್ತದೆ. ಅವರಿಗೆ ಮುಂದಿನ ಆವೃತ್ತಿ ಬಂದ ಮೇಲೆಯೇ ಹಣ ಕೊಡಲಿ.