ಬೊಗಳಿದ್ದು ನಾಯಿಯೋ, ರವಿಯೋ?

ನಮಸ್ಕಾರ. ಇಂಗ್ಲಿಷಿನಲ್ಲಿ ‘ಇಂಗ್’ ಎಂದು ಕೊನೆಯಾಗುವ ಕೃದಂತದ (ಕ್ರಿಯಾಪದದಿಂದ ಹುಟ್ಟಿ ಬೇರೆ ಪದವನ್ನು ಬಣ್ಣಿಸುವ ರೂಪದ) ಪದಗುಚ್ಛ ಬಂದಾಗ ಅಲ್ಪವಿರಾಮವನ್ನು ಎಲ್ಲಿ ಹಾಕಬೇಕೆಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ವಾಕ್ಯದ ಆರಂಭದ ಮಾತನ್ನು ಬೇಗ ಮುಗಿಸೋಣ. ‘ಹಿಯರಿಂಗ್ ದ ಬೆಲ್, ದ ಚಿಲ್ಡ್ರನ್ ರ‍್ಯಾನ್ ಔಟ್’ ಎಂಬಲ್ಲಿ ಗುಚ್ಛ ಮುಗಿದೊಡನೆ ಅಲ್ಪವಿರಾಮ ಬಂದಿದೆ; ಅಲ್ಲಿ ಅಷ್ಟು ಸಾಕು.

ನನ್ನನ್ನು ಕಾಡಿದ್ದು ವಾಕ್ಯದ ಕೊನೆ. ಪರದೆಯನ್ನು ನೋಡಿ.

ರವಿ ಚೇಸ್ಡ್ ದ ಡಾಗ್ ಬಾರ್ಕಿಂಗ್ ಲೌಡ್ಲಿ.
ರವಿ ಚೇಸ್ಡ್ ದ ಡಾಗ್, ಬಾರ್ಕಿಂಗ್ ಲೌಡ್ಲಿ.

ಮೊದಲನೆಯದರಲ್ಲಿ ಗುಚ್ಛವು ಪಕ್ಕದ ನಾಮಪದಕ್ಕೆ ಅಂಟಿಕೊಂಡಿರುವುದರಿಂದ ಬೊಗಳಿದ್ದು ನಾಯಿ. ಎರಡನೆಯದರಲ್ಲಿ ಅಲ್ಪವಿರಾಮವು ಆ ನಂಟನ್ನು ಕಡಿದು ಗುಚ್ಛವನ್ನು ಕರ್ತೃಪದದ ಬಳಿಗೆ ಕಳುಹಿಸುವುದರಿಂದ, ನಿಯಮದ ಪ್ರಕಾರ, ಪಾಪ, ರವಿಯೇ ಬೊಗಳಿದ್ದಾನೆ.

ಕನ್ನಡದಲ್ಲಿ ರವಿಗೆ ಈ ಗತಿ ಬರುವುದಿಲ್ಲ. ಶಾಲೆಯಲ್ಲಿ ಕಲಿತ ಕೃದಂತನಾಮ ಮತ್ತು ಕೃದಂತಾವ್ಯಯಗಳನ್ನು ನೆನಪಿಸಿಕೊಳ್ಳಿ. ‘ಬೊಗಳುತ್ತಿದ್ದ ನಾಯಿಯನ್ನು ರವಿ ಅಟ್ಟಿದನು’ ಎಂಬಲ್ಲಿ ‘ಬೊಗಳುತ್ತಿದ್ದ’ ಎಂಬುದು ನಾಯಿಯನ್ನು ಬಣ್ಣಿಸುತ್ತದೆ. ‘ರವಿ ಬೊಗಳುತ್ತ ನಾಯಿಯನ್ನು ಅಟ್ಟಿದನು’ ಎಂಬಲ್ಲಿ ‘ಬೊಗಳುತ್ತ’ ಎಂಬ ಅವ್ಯಯವು ಕ್ರಿಯಾಪದದ ಕಡೆಗೆ ಹೋಗಿ, ಅಟ್ಟಿದವನನ್ನೇ ಬೊಗಳಿಸುತ್ತದೆ. ಇಂಗ್ಲಿಷಿನ ‘ಬಾರ್ಕಿಂಗ್’ ಎಂಬ ಒಂದೇ ರೂಪ ಈ ಎರಡೂ ವೇಷಗಳನ್ನು ಹಾಕುತ್ತದೆ. ನಮ್ಮಲ್ಲಿ ‘ಇದ್ದ’ ಸೇರಿತೋ ಇಲ್ಲವೋ ಎಂಬುದರಿಂದ ತಿಳಿಯುವ ವ್ಯತ್ಯಾಸವನ್ನು ಅಲ್ಲಿ ಒಂದು ಅಲ್ಪವಿರಾಮ ಹೊರಬೇಕು. ಇಷ್ಟು ಭಾರವನ್ನು ಅಷ್ಟು ಚಿಕ್ಕ ಗುರುತಿನ ಮೇಲೆ ಹೊರಿಸಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ‘ಸ್ಟೂಡೆಂಟ್ಸ್ ಸಿಟಿಂಗ್ ಅಟ್ ದ ಬ್ಯಾಕ್ ಮಸ್ಟ್ ಮೂವ್’ ಎಂದಾಗ ಯಾವ ವಿದ್ಯಾರ್ಥಿಗಳೆಂದು ಗುಚ್ಛವೇ ಗುರುತಿಸುವುದರಿಂದ ಅಲ್ಪವಿರಾಮ ಬೇಡ. ‘ರವಿ, ಸಿಟಿಂಗ್ ಅಟ್ ದ ಬ್ಯಾಕ್, ಹರ್ಡ್ ನಥಿಂಗ್’ ಎಂದಾಗ ಹೆಸರೇ ಗುರುತಿಸಿಯಾಗಿದೆ. ಆದ್ದರಿಂದ ಎರಡೂ ಬದಿಗೆ ಬೇಕು, ಒಂದನ್ನು ಹಾಕಿ ಇನ್ನೊಂದನ್ನು ಮರೆಯಬಾರದು.

ಕೊನೆಗೆ, ಅಲ್ಪವಿರಾಮವೂ ಕಾಪಾಡಲಾರದ ಒಂದು ವಾಕ್ಯ: ‘ಡ್ರೈವಿಂಗ್ ಟು ಮೈಸೂರು, ದ ರೇನ್ ಸ್ಟಾರ್ಟೆಡ್.’ ಚಿಹ್ನೆ ಸರಿಯಾದ ಜಾಗದಲ್ಲಿಯೇ ಇದೆ, ಆದರೆ ಕಾರನ್ನು ಓಡಿಸುತ್ತಿರುವುದು ಮಳೆರಾಯ. ‘ಮಳೆ ಬಂದು ಕೆರೆ ತುಂಬಿತು’ ಎಂದು ಎರಡು ಕರ್ತೃಗಳನ್ನು ಒಂದೇ ವಾಕ್ಯದಲ್ಲಿ ನೆಮ್ಮದಿಯಾಗಿ ಕೂರಿಸುವ ನಮಗೆ ಈ ತಪ್ಪು ತಪ್ಪೆಂದೇ ತೋರುವುದಿಲ್ಲ. ‘ಆಸ್ ವಿ ಡ್ರೋವ್ ಟು ಮೈಸೂರು, ದ ರೇನ್ ಸ್ಟಾರ್ಟೆಡ್’ ಎಂದು ಬರೆದರೆ ಸ್ಟೀರಿಂಗ್ ಮತ್ತೆ ನಮ್ಮ ಕೈಗೆ ಬರುತ್ತದೆ.