ಮನದೊಳಗಿನ ಹಂಬಲವೂ ಕೇಳುವ ಕಿವಿಯೂ

ಮಾನ್ಯರೇ,

ಚಂಡೀಗಢದ ರಾಕ್ ಗಾರ್ಡನ್ ಎಂಬ ಪ್ರತಿಮೆಗಳ ಉದ್ಯಾನವನ್ನು ನೋಡಿ ಬಂದವರು ಈ ಸಭೆಯಲ್ಲಿ ಇರಬಹುದು. ಅದನ್ನು ಕಟ್ಟಿದ ನೇಕ್ ಚಂದ್ ಅವರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದರು. ಮನುಷ್ಯನೊಬ್ಬನಿಗೆ ಪ್ರಾಣಕ್ಕಿಂತ ಹೆಚ್ಚಾದ ಸಂಗತಿ, ದಿನವೂ ಅವನೊಡನೆ ದುಡಿಯುವವರ ಕಣ್ಣಿಗೂ ಬೀಳದೆ ಎಷ್ಟು ಕಾಲ ಉಳಿಯಬಲ್ಲದು ಎಂಬ ಪ್ರಶ್ನೆಗೆ ಅವರ ಬದುಕಿನಲ್ಲಿ ಉತ್ತರವಿದೆ.

1924ರಲ್ಲಿ ಅವರು ಹುಟ್ಟಿದ ಹಳ್ಳಿ ದೇಶವಿಭಜನೆಯಲ್ಲಿ ಪಾಕಿಸ್ತಾನದ ಪಾಲಾಯಿತು. ನಿರಾಶ್ರಿತರಾಗಿ ಬಂದು ನೌಕರಿ ಹಿಡಿದ ಅವರು, ಚಂಡೀಗಢವೆಂಬ ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷಗಳಲ್ಲಿ ಸಿಗುತ್ತಿದ್ದ ಒಡೆದ ಬಳೆ, ಪಿಂಗಾಣಿ ಚೂರು, ಹೆಂಚುಗಳನ್ನು ಸೈಕಲ್ಲಿನ ಮೇಲೆ ಹೇರಿಕೊಂಡು, 1957ರ ಸುಮಾರಿನಿಂದ ಸುಖ್ನಾ ಕೆರೆಯ ಬಳಿಯ ಸರ್ಕಾರಿ ಕಾಡಿಗೆ ಸಾಗಿಸತೊಡಗಿದರು. ಏನನ್ನೂ ಕಟ್ಟಬಾರದೆಂದು ಕಾದಿರಿಸಿದ ಜಾಗವದು. ಕೆಲಸದ ನಂತರದ ಹೊತ್ತಿನಲ್ಲಿ, ರಾತ್ರಿಯ ಕತ್ತಲಲ್ಲಿ ಅಲ್ಲಿ ಮನುಷ್ಯರ, ಪ್ರಾಣಿಗಳ ಸಾಲುಸಾಲು ಪ್ರತಿಮೆಗಳು ಎದ್ದವು. ತಮ್ಮ ಊರನ್ನು ಕಳೆದುಕೊಂಡಿದ್ದವರು ಅಳಿದ ಊರುಗಳ ಚೂರುಗಳಿಂದಲೇ ಮತ್ತೊಂದು ಊರನ್ನು ಕಟ್ಟಿಕೊಂಡರೆಂದು ನನಗೆ ತೋರುತ್ತದೆ.

ಅಧಿಕಾರಿಗಳ ಕಣ್ಣಿಗೆ ಅದು ಬೀಳುವ ಮೊದಲೇ ಅವರು ಗುಟ್ಟನ್ನು ಬಿಚ್ಚಿಟ್ಟದ್ದು ನಗರದ ಮುಖ್ಯ ವಾಸ್ತುಶಿಲ್ಪಿ ಎಂ. ಎನ್. ಶರ್ಮರ ಮುಂದೆ. ಕಾನೂನಿನ ಪ್ರಕಾರ ಅದನ್ನು ನಿಲ್ಲಿಸಬಹುದಾಗಿದ್ದ ಶರ್ಮರು ಕೆಲಸವನ್ನು ಮುಂದುವರಿಸಲು ಬಿಟ್ಟರು, ಗುಟ್ಟನ್ನೂ ಕಾಪಾಡಿದರು. 1976ರಲ್ಲಿ ಉದ್ಯಾನ ಸಾರ್ವಜನಿಕರಿಗೆ ತೆರೆಯಿತು. 1984ರಲ್ಲಿ ನೇಕ್ ಚಂದ್ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿಗಿಂತಲೂ ಶರ್ಮರೊಡನೆ ನಡೆದ ಆ ಮಾತುಕತೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಕೇಳಿದವರು ನಕ್ಕುಬಿಟ್ಟಿದ್ದರೆ, ಅಥವಾ ಮರುದಿನವೇ ಕಚೇರಿಯಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದರೆ, ಆ ಲೋಕ ಅಲ್ಲಿಗೇ ಮುಗಿಯುತ್ತಿತ್ತೋ ಏನೋ.

ಇಂಥ ಮಾತಿಗೆ ಬಿಡುವು, ಜಾಗ ಎರಡನ್ನೂ ಬೇಕೆಂದೇ ಒದಗಿಸಬಹುದು. ಅಮೆರಿಕದಲ್ಲಿ ಡೇವ್ ಐಸೆ ಆರಂಭಿಸಿದ, ಸಾಮಾನ್ಯ ಜನರ ಮಾತುಕತೆಗಳನ್ನು ಧ್ವನಿಮುದ್ರಿಸುವ ಸ್ಟೋರಿಕೋರ್ ಸಂಸ್ಥೆ 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದೊಳಗೆ ಒಂದು ಪುಟ್ಟ ಕೋಣೆಯನ್ನು ತೆರೆಯಿತು. ಪರಸ್ಪರ ಬಲ್ಲ ಇಬ್ಬರು ಅಲ್ಲಿ 40 ನಿಮಿಷ ಎದುರುಬದುರು ಕೂತು ಮಾತನಾಡುತ್ತಿದ್ದರು. ಅವರು ಒಪ್ಪಿದರೆ ಧ್ವನಿಮುದ್ರಣವು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹಕ್ಕೆ ಸೇರುತ್ತಿತ್ತು. ಅಜ್ಜಿಯನ್ನು ಮೊಮ್ಮಗ, ಅಪ್ಪನನ್ನು ಮಗಳು ಪ್ರಶ್ನಿಸುತ್ತಿದ್ದರು. ಒಂದೇ ಮನೆಯಲ್ಲಿ ಬಾಳಿದವರಿಗೂ ಹೀಗೊಂದು ಏರ್ಪಾಡು ಬೇಕಾಯಿತೆಂಬುದು ಯೋಚಿಸಬೇಕಾದ ವಿಷಯ.

ನಮ್ಮ ಮನೆಗಳಲ್ಲಿ ಮಾತಿಗೇನೂ ಬರವಿಲ್ಲ. ಊಟವಾಯಿತೇ ಎಂದು ವಿಚಾರಿಸುತ್ತೇವೆ. ಸೈಟು, ಸಂಬಂಧ, ಪಿಂಚಣಿ, ಬಿಪಿ ಮಾತ್ರೆಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತೇವೆ. ಆದರೆ ಇಡೀ ಜೀವಮಾನ ಅಡುಗೆಮನೆಯಲ್ಲಿ ಕಳೆದ ಹಿರಿಯರೊಬ್ಬರನ್ನು ನೇರವಾಗಿ "ನಿಮಗೇನು ಇಷ್ಟ?" ಎಂದು ಕೇಳಿದರೆ, "ನಮ್ಮದೇನಿದೆ ಬಿಡಪ್ಪ" ಎಂದು ಸುಮ್ಮನಾಗಿಬಿಡುತ್ತಾರೆ. ಅವರಿಗೆ ಆಸೆಯೇ ಇಲ್ಲವೆಂದು ತಿಳಿಯುವುದು ದೊಡ್ಡ ಅನ್ಯಾಯ. ಆ ಪ್ರಶ್ನೆಯನ್ನು ಅವರಿಗೆ ಯಾರೂ ಹಾಕಿರುವುದಿಲ್ಲ, ಹಾಗಾಗಿ ಉತ್ತರ ರೂಢಿಯಲ್ಲಿರುವುದಿಲ್ಲ.

ಆದ್ದರಿಂದ ಕೈಗೆ ಸಿಗುವ ವಸ್ತುವಿನಿಂದ ಮಾತು ತೆಗೆಯುವುದು ಒಳ್ಳೆಯದು. "ಅಜ್ಜಿ, ಈ ಹಾಡನ್ನು ಯಾರಿಂದ ಕಲಿತಿರಿ?" "ಮಾವ, ಈ ಟ್ರಂಕಿನಲ್ಲಿ ಇಷ್ಟು ಜೋಪಾನವಾಗಿ ಏನಿಟ್ಟಿದ್ದೀರಿ?" ಉತ್ತರ ತಡವಾದರೆ ನಾವು ಬಾಯಿ ಹಾಕಬಾರದು, ನಡುವೆ ಫೋನು ನೋಡಬಾರದು, "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?" ಎಂದಂತೂ ಅನ್ನಲೇಬಾರದು. ಟ್ರಂಕಿನಿಂದ ಹಳೆಯ ನೋಟುಪುಸ್ತಕವೊಂದು ಹೊರಬಂದರೆ, ಅದನ್ನು ಅವರೇ ಓದಿ ಹೇಳಲೆಂದು ಕೇಳಿಕೊಳ್ಳಬೇಕು.